ಅಣ್ಣ ಬಿಟ್ಟುಕೊಟ್ಟ ಸರದಿ

ನಮ್ಮಣ್ಣ ದರ್ಜಿ. ಕಂಡವರ ಪ್ಯಾಂಟು ಸರಿ ಮಾಡುವುದರಲ್ಲಿ ಎತ್ತಿದ ಕೈ, ತನ್ನ ಕೆಲಸ ಸಾಧಿಸಿಕೊಳ್ಳುವುದರಲ್ಲಿ ಮಾತ್ರ ದೊಡ್ಡ ಸೊನ್ನೆ. ಆವತ್ತು ಬೆಳಿಗ್ಗೆ ಅವನ ಬಲಗೈಯಿಂದ ಕತ್ತರಿ ಜಾರಿ ಬಿತ್ತು, ಮಾತು ತೊದಲಿತು. ಎದ್ದೆನೋ ಬಿದ್ದೆನೋ ಎಂದು ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಅಲ್ಲಿದ್ದವರು ಒಬ್ಬರೇ ಡಾಕ್ಟರು. ಒಳಗಿದ್ದ ರೋಗಿ ಹೊರಬಂದರೆ ನಮ್ಮದೇ ಸರದಿ.

ಅಷ್ಟರಲ್ಲಿ ಹಸಿರು ಸ್ವೆಟರಿನ ಹೆಂಗಸೊಬ್ಬಳು ಎದೆ ಹಿಡಿದುಕೊಂಡು ಬಂದು ಬೆಂಚಿನ ಮೇಲೆ ಕುಸಿದಳು. ಉಸಿರೇ ಸಿಗುತ್ತಿಲ್ಲ ಎಂದಳು. ನನಗೂ ಕರುಳು ಚುರುಕ್ಕೆಂದಿತು, ಸುಳ್ಳೇಕೆ ಹೇಳಲಿ. ಆದರೂ ಬಾಗಿಲು ಬಿಟ್ಟು ಅಲ್ಲಾಡಲಿಲ್ಲ. ಅಣ್ಣನೇ ನನ್ನ ತೋಳು ಜಗ್ಗಿದ.

“ಪಾಪ, ಅವ್ರು ಮೊದ್ಲು ಹೋಗ್ಲಿ ಬಿಡೇ. ನನಗೇನಾಗಿದೆ?”

ನಾನು ಸರಿದು ಆಕೆಗೆ ದಾರಿ ಬಿಟ್ಟೆ. ಡಾಕ್ಟರು ಆಕೆಯನ್ನು ಬಿಟ್ಟು ಕದಲಲಿಲ್ಲ. ಎದೆಯ ಪರೀಕ್ಷೆ, ಮತ್ತೊಮ್ಮೆ ಅದೇ ಪರೀಕ್ಷೆ. ಬಾಗಿಲು ಬಡಿದರೆ ನರ್ಸ್ ಗದರಿದಳು. ನಮ್ಮನ್ನು ಕರೆಯುವ ಹೊತ್ತಿಗೆ ಅಣ್ಣನ ಬಾಯಿ ಒಂದು ಕಡೆ ವಾಲಿತ್ತು. ಇನ್ನಷ್ಟು ಮುಂಚೆ ನೋಡಿದ್ದರೆ ಕೈಯ ಸ್ವಾಧೀನ ಉಳಿಯುತ್ತಿತ್ತೇನೋ ಎಂದು ಡಾಕ್ಟರೇ ತಲೆ ಹಿಡಿದುಕೊಂಡರು.

ಮೊನ್ನೆ ಒಬ್ಬ ಸಂಶೋಧಕ ಮನೆಗೆ ಬಂದ. ಆಸ್ಪತ್ರೆಗಳು ರೋಗಿಗಳನ್ನು ಹೇಗೆ ನೋಡಿಕೊಳ್ಳುತ್ತವೆ ಎಂದು ತಿಳಿಯಲು ಅವನ ತಂಡ ನಟಿಯರನ್ನು ರೋಗಿಗಳಂತೆ ಕಳಿಸುತ್ತದಂತೆ. ಮೊದಲೇ ಹೇಳಿದರೆ ಡಾಕ್ಟರು ಹುಷಾರಾಗುತ್ತಾರೆಂದು ಯಾರಿಗೂ ಹೇಳುವುದಿಲ್ಲವಂತೆ. ಹಸಿರು ಸ್ವೆಟರಿನವಳಿಗೆ ಯಾವ ನೋವೂ ಇರಲಿಲ್ಲ. ನಾನು ಅವನೆದುರು ಹೋಗಿ ನಿಂತು ಕೇಳಿದೆ.

“ಡಾಕ್ಟರ್ ಕಥೆ ಹಾಗಿರ್ಲಿ. ಬೆಂಚಿನ ಮೇಲೆ ಕೂತಿದ್ದ ನಮ್ಮನ್ನ ಕೇಳಿದ್ರಾ?”

ಬೆಂಚಿನವರು ಅವರ ಅಧ್ಯಯನದಲ್ಲೇ ಬರುವುದಿಲ್ಲವಂತೆ. ಆಮೇಲೆ ತಲೆ ತಗ್ಗಿಸಿ ಮೆಲ್ಲಗೆ ಅಂದ: “ನಿಮ್ಮಣ್ಣನೇ ಒಪ್ಪಿ ಬಿಟ್ಟುಕೊಟ್ರು ಅಂತ ಕೇಳ್ಪಟ್ಟೆ.”

ಒಪ್ಪಿದನಂತೆ. ಏನು ಗೊತ್ತಿತ್ತು ಅಂತ ಒಪ್ಪಿದ? ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗು ಎಂದು ಬಾಗಿಲು ತೆರೆದೆ. ಹೊಸಲಿನಾಚೆ ಅವಳೇ ನಿಂತಿದ್ದಳು, ಅದೇ ಸ್ವೆಟರು, ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ಕ್ಷಮೆ ಕೇಳಲು ಬಂದಿದ್ದಳಂತೆ.

ನಮ್ಮ ಮಾತೊಂದೂ ಕೇಳಿಸದ ಅಣ್ಣ, ಬಾಗಿಲ ಸದ್ದಿಗೆ ಕಾಲೆಳೆಯುತ್ತ ಒಳಕೋಣೆಯಿಂದ ಬಂದ. ಅವಳನ್ನು ಕಂಡಿದ್ದೇ ತಡ, ವಾಲಿದ ಮುಖವೆಲ್ಲ ಅರಳಿತು. ಒಂದೊಂದೇ ಮಾತು ಹೆಕ್ಕಿ ಕೇಳಿದ.

“ಎದೆನೋವು... ಹೋಯ್ತಾ, ತಾಯಿ?”

ಅವಳು ನನ್ನ ಮುಖ ನೋಡಿದಳು.

“ಹೋಯ್ತಂತೆ ಅಣ್ಣ,” ಎಂದು ನಾನೇ ಹೇಳಿದೆ.