ಮುನಿಸಿನ ತಟ್ಟೆ

ಮೂಲೆಯ ತಟ್ಟೆಯಲ್ಲಿ ಸತ್ತುಬಿದ್ದ ರೇಷ್ಮೆಹುಳು ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗಿತ್ತು. ಅತ್ತಿಗೆ ಚಿಮಟದಲ್ಲಿ ಎತ್ತಿ ಅಂಚಿಗೆ ತಟ್ಟಿದರೆ ಟಕ್ ಎಂದಿತು. ಅವರು ಗಂಡನನ್ನು ಕೂಗಿದರು.

"ರೀ, ಸುಣ್ಣಕಟ್ಟು ರೋಗ!"

ಓಡಿ ಬಂದ ಗಂಡ ಹುಳುಮನೆಯನ್ನೊಮ್ಮೆ ಕಣ್ಣಲ್ಲೇ ಅಳೆದು ಬೆಂಕಿಪೊಟ್ಟಣ ಹುಡುಕತೊಡಗಿದರು. ನೆಗಡಿ ಬಂದರೆ ಮೂಗು ಕೊಯ್ಯುವ ಪೈಕಿ ಅವರು.

"ಅಂಟುರೋಗ ಕಣೇ. ಎಲ್ಲಾ ಸುಟ್ಟುಬಿಡೋಣ."

"ಇನ್ನೇನು ಗೂಡು ಕಟ್ಟೋ ಹುಳ ಇವು! ಮೊದಲು ನಿಮ್ಮ ತಂಗಿ ಬರಲಿ, ಆಮೇಲೆ ಕಡ್ಡಿ ಗೀರಿ."

ತಂಗಿ ಹುಳುಗಳ ರಕ್ತದ ಬಗ್ಗೆಯೇ ಓದಿ, ಅದನ್ನೇ ಕೆಲಸ ಮಾಡಿಕೊಂಡವಳು. ಸೂಕ್ಷ್ಮದರ್ಶಕವನ್ನು ಕೂಸಿನ ಹಾಗೆ ಅವುಚಿಕೊಂಡು ಬಂದಳು. ಪ್ರತಿ ತಟ್ಟೆಯಿಂದ ಕೆಲವು ಹುಳು ಆರಿಸಿ, ಕಾಲಿಗೆ ಸೂಜಿ ಚುಚ್ಚಿ, ಹನಿಯನ್ನು ಗಾಜಿನ ಮೇಲಿಟ್ಟಳು.

"ಈ ಬೂಷ್ಟು ಬಾಯಿಂದ ಹೋಗಲ್ಲ ಅತ್ತಿಗೆ, ಚರ್ಮಾನೇ ಕೊರ್ಕೊಂಡು ನುಗ್ಗುತ್ತೆ. ರಕ್ತದಲ್ಲಿ ಕಾವಲು ಕಣ ಇರ್ತವಲ್ಲ, ಅವು 'ಯಾ-ರೋ ಅದೂ?' ಅಂತ ಅಡ್ಡಗಟ್ತವೆ." ಅವಳು ತೆಗೆದದ್ದು ಕೆಮ್ಮುವ ಮುದಿ ಕಾವಲುಗಾರನ ದನಿ! "ಪಾಪ, ಅವು ಕಮ್ಮಿ ಆಗ್ತಾ ಹೋಗ್ತವೆ, ಬೂಷ್ಟು ಹೆಚ್ತಾ ಹೋಗುತ್ತೆ. ತಿಳಿ ರಕ್ತ ಕದಡುತ್ತೆ. ಹುಳ ಊಟ ಬಿಡುತ್ತೆ."

"ಮುಂದೆ ಸೊಪ್ಪಿದ್ರೂ ಮೂತಿ ತಿರುಗಿಸೋದಾ?"

"ಹೂಂ, ಅದೇ ಗುರುತು."

ಅತ್ತಿಗೆ ಮೂಲೆಯ ತಟ್ಟೆಯತ್ತ ತಿರುಗಿದರು. ಅದನ್ನು ಗಂಡ 'ಮುನಿಸಿನ ತಟ್ಟೆ' ಎಂದು ಆಡಿಕೊಳ್ಳುತ್ತಿದ್ದರು. ಸೊಪ್ಪು ಹಾಕಿದಾಗ ತಲೆಯೆತ್ತದ ಹುಳುಗಳನ್ನೆಲ್ಲ ಅತ್ತಿಗೆ ಆಗಿಂದಾಗಲೇ ಎತ್ತಿ ಅಲ್ಲಿಗೆ ಬಿಡುತ್ತಿದ್ದರು. ಮಿಕ್ಕವರ ಊಟವೆಲ್ಲ ಮುಗಿದ ಮೇಲೆ, ಕೊನೆಯಲ್ಲಿ, ಪುರುಸೊತ್ತಾಗಿ ಅವಕ್ಕೆ ಎಳೆ ಸೊಪ್ಪು ಹಾಕಿ, "ಯಾರು ಏನಂದ್ರು ನನ್ನ ಬಂಗಾರಕ್ಕೆ?" ಎಂದು ರಮಿಸಿ, ಕೈ ತೊಳೆದು ಹೊರಬೀಳುತ್ತಿದ್ದರು.

ನಾದಿನಿ ಮಸೂರದಿಂದ ಕಣ್ಣು ತೆಗೆದಳು. "ಬೇರೆ ತಟ್ಟೆಗಳದ್ದೆಲ್ಲ ತಿಳಿಯಾಗಿದೆ. ಮೂಲೇದು ಮಾತ್ರ ಸೋಪಿನ ನೀರು."

"ಅಂದ್ರೆ?"

"ಕಾಯಿಲೆಯವರಿಗೆಲ್ಲ ನೀವೇ ಬೇರೆ ಸಂಸಾರ ಹೂಡಿಸಿದ್ದೀರಿ. ಅದಕ್ಕೇ ಉಳಿದವಕ್ಕೆ ಅಂಟಿಲ್ಲ. ಒಳಗೆ ಔಷಧಿ ಪುಡಿ ಉದುರಿಸೋಣ, ನಾಳೆ ಇನ್ನೊಂದ್ಸಲ ನೋಡ್ತೀನಿ. ಸುಡೋದು ಆ ತಟ್ಟೆ ಒಂದೇ."

ಅತ್ತಿಗೆ ಅದನ್ನು ತಾವೇ ಹೊರಗೆ ಹೊತ್ತೊಯ್ದರು. ಉರಿ ಏಳುವಾಗ, "ಜೀವ ಹೋಗ್ತಿದ್ರೆ ನಾನು ಮುನಿಸು ಅಂದ್ಕೊಂಡೆನಲ್ಲ," ಎಂದು ಮೂಗು ಒರೆಸಿಕೊಂಡರು.

ಕೈ ತಿಕ್ಕಿ ತೊಳೆದು ಒಳಬಂದು ಹೊಸ ಸೊಪ್ಪು ಹರಡಿ, ಬಗ್ಗಿ ಉಸಿರು ಹಿಡಿದು ಕಾದರು. ಒಂದು ತಲೆ ಎದ್ದಿತು, ಹತ್ತು ಎದ್ದವು, ತಟ್ಟೆಗೆ ತಟ್ಟೆಯೇ ಮದುವೆಮನೆಯ ಮೊದಲ ಪಂಕ್ತಿಯ ಹಾಗೆ ಮುಗಿಬಿದ್ದಿತು.

ಬಾಗಿಲಲ್ಲಿ ಗಂಡ, ಕೈಯಲ್ಲಿನ್ನೂ ಬೆಂಕಿಪೊಟ್ಟಣ, ಮುಖ ಊದಿಸಿಕೊಂಡು ನಿಂತಿದ್ದರು. "ನನ್ನ ಮಾತಿಗೆ ಈ ಮನೇಲಿ ಬೆಲೆನೇ ಇಲ್ಲ."

ನಾದಿನಿ ಕಣ್ಣು ಮಿಟುಕಿಸಿದಳು. "ಅತ್ತಿಗೆ, ಮೂಲೇಲಿ ಜಾಗ ಖಾಲಿ ಇದೆಯಲ್ಲ?"

"ಇದೆ," ಎಂದ ಅತ್ತಿಗೆ ಗಂಡನ ಕೈಯಿಂದ ಪೊಟ್ಟಣ ಕಿತ್ತುಕೊಂಡರು. "ಯಾರು ಏನಂದ್ರು ನನ್ನ ಬಂಗಾರಕ್ಕೆ? ನಡೀರಿ, ಊಟ ಮಾಡಿ."