ಎಡ ಹೆಗಲು

ಎದೆಗೆ ಇನ್ನೊಂದು ಹಿಡಿ ಹತ್ತಿ ಬೇಕಾಯಿತು. ತುರುಕಿದಳು, ಬಟ್ಟೆ ಸುತ್ತಿ ಹೊಲಿದಳು, ಕೋಟು ತೊಡಿಸಿ ಎರಡು ಹೆಜ್ಜೆ ಹಿಂದೆ ಸರಿದಳು. ತಲೆಯಿಲ್ಲದ ಬೊಂಬೆಯ ಮೇಲೆ ಬೂದು ಕೋಟು ಸರಿಯಾಗಿ ಕೂತಿತು.

ಗಂಡನ ಕೋಟು. ಅವನು ಹೋಗಿ ಹದಿನಾಲ್ಕು ತಿಂಗಳಾಗಿತ್ತು.

ಸಂಗ್ರಹಾಲಯದಲ್ಲಿ ಅವಳ ಕೆಲಸ ಇದೇ: ಹಳೆಯ ಉಡುಪಿಗೆ ಮೈ ಮಾಡಿಕೊಡುವುದು. ಬೊಂಬೆಗಳೆಲ್ಲ ಒಂದೇ ಅಳತೆಯ ಸಣಕಲು. ಉಡುಪು ತುಂಬುವಷ್ಟು ಹತ್ತಿ ಕಟ್ಟಬೇಕು. ನೂರು ವರ್ಷದಲ್ಲಿ ಈ ನಗರ ಏನೇನು ತೊಟ್ಟಿತು ಎಂಬ ಪ್ರದರ್ಶನ ಸಂಜೆ ಐದಕ್ಕೆ ತೆರೆಯುವುದಿತ್ತು. ಮೂವತ್ತೊಂದು ಬೊಂಬೆಗಳು ಮುಗಿದಿದ್ದವು. ಎಲ್ಲವೂ ಸಿರಿವಂತರು ಒಂದು ಸಲ ತೊಟ್ಟು ಪೆಟ್ಟಿಗೆಗೆ ಹಾಕಿದ ಬಟ್ಟೆ. ದುಡಿಯುವವರದು ಒಂದೂ ಸಿಕ್ಕಿರಲಿಲ್ಲ. ತೊಟ್ಟು ಹರಿದು, ನೆಲ ಒರೆಸಿ ಮುಗಿದುಹೋಗಿದ್ದವು. ಗುಮಾಸ್ತನ ಕೋಟು ಉಳಿಯಬೇಕಾದರೆ ಗುಮಾಸ್ತ ಬೇಗ ಸಾಯಬೇಕು.

ಅದಕ್ಕೇ ಅವರ ಕೋಟು ಕೊಟ್ಟೆ ಎಂದು ಎಲ್ಲರಿಗೂ ಹೇಳಿದ್ದಳು. ನಿಜ ಬೇರೆ. ಫೋಟೋಗಳಿಂದಾಗಿ ಅವನ ಮುಖ ಉಳಿದಿತ್ತು. ಮೈ ಅಳಿಸುತ್ತ ಬಂದಿತ್ತು. ಮೂರು ವರ್ಷ ಪಕ್ಕದಲ್ಲಿ ಮಲಗಿದ ಮೈಯನ್ನು ತನ್ನ ಕೈ ಮರೆತಿಲ್ಲವೆಂದು ಒಂದು ಸಲ ಗೊತ್ತಾದರೆ ಸಾಕಿತ್ತು.

ಮರೆತಿರಲಿಲ್ಲ. ಹೊಟ್ಟೆಯ ಬಳಿ ತುಸು ಹೆಚ್ಚು, ಬೆನ್ನು ಚಪ್ಪಟೆ, ಹೆಗಲುಗಳು ಗೆರೆ ಎಳೆದಂತೆ ಸಮ. ಕಣ್ಣು ಮುಚ್ಚಿಕೊಂಡೇ ತುಂಬಿದ್ದಳು.

ಪ್ರದರ್ಶನದ ಮುಖ್ಯಸ್ಥ ಬಂದ. ಬೆನ್ನ ಹಿಂದೆ ಎಲ್ಲರೂ ಅವನನ್ನು ‘ಫಲಕ’ ಎನ್ನುತ್ತಿದ್ದರು. ಅವನಾಡಿದ್ದನ್ನು ಹಾಗೇ ಗೋಡೆಗೆ ತಗುಲಿಸಬಹುದಿತ್ತು.

“ಅದ್ಭುತ! ನಗರದ ಬೆನ್ನೆಲುಬೇ ಎದ್ದು ನಿಂತಂಗಿದೆ.”

“ಎದೆ ಮೂವತ್ತೆಂಟು ಸರ್. ಅಷ್ಟೇ.”

“ನಿಮಗೆ ಕಷ್ಟ ಆಗ್ಲಿಲ್ಲ ತಾನೇ?”

“ಪಿನ್ನು ಕಡಿಮೆ ಬಿತ್ತು.”

ನಾಲ್ಕೂವರೆಗೆ ಅತ್ತೆ ಬಂದರು. ಜನ ಸೇರುವ ಮೊದಲೇ ನೋಡಬೇಕೆಂದು ಹಟ ಹಿಡಿದಿದ್ದರು. ಬೊಂಬೆಯ ಸುತ್ತ ಒಂದು ಸುತ್ತು ಬಂದು, ಕನ್ನಡಕ ಒರೆಸಿಕೊಂಡು, ಇನ್ನೊಂದು ಸುತ್ತು ಬಂದರು.

“ಇವನ್ಯಾರೇ?”

“ಅವರದೇ ಕೋಟು, ಅತ್ತೆ.”

“ಕೋಟು ಗೊತ್ತಾಯ್ತು ಕಣೆ. ಒಳಗಿರೋನು ಯಾರು? ನನ್ನ ಮಗ ಇಷ್ಟು ನೆಟ್ಟಗೆ ನಿಂತಿದ್ರೆ ನಾನ್ಯಾಕೆ ಮೂವತ್ತು ವರ್ಷ ಗಂಟಲು ಹರ್ಕೊಳ್ತಿದ್ದೆ?” ಬೊಂಬೆಯ ಎಡ ಹೆಗಲನ್ನು ತಟ್ಟಿದರು. “ಇದು ಇಳಿದಿತ್ತು. ಹುಟ್ಟಿದಾಗಿಂದ. ಮದುವೆಗೆ ಅಂತ ಈ ಕೋಟು ಹೊಲಿಸಿದಾಗ ನಾನೇ ಟೈಲರಿಗೆ ಹೇಳಿ ಈ ಕಡೆ ದಪ್ಪ ಮೆತ್ತೆ ಇಡಿಸಿದ್ದೆ. ನಿಮ್ಮ ಕಡೆಯವರಿಗೆ ಕಾಣದಿರ್ಲಿ ಅಂತ.”

ಅವಳು ನೆಲದ ಮೇಲಿದ್ದ ಪಿನ್ನೊಂದನ್ನು ಹೆಕ್ಕಿಕೊಂಡಳು.

“ನಿನಗೆ ಗೊತ್ತಿತ್ತಲ್ಲ?”

“ಹೂಂ.”

“ಮತ್ತೆ?”

“ಅವಸರದಲ್ಲಿ ಮಾಡಿದ್ದು.”

ಅತ್ತೆ ಅವಳನ್ನೇ ನೋಡಿದರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. “ಕೋಟು ಬಿಚ್ಚಿದ್ಮೇಲಾದ್ರೂ ಕಾಣ್ತಿತ್ತಲ್ಲೇ,” ಎಂದು ಮೆಲ್ಲಗೆ ಹೇಳಿ, ಕೂರಲು ಜಾಗ ಹುಡುಕಿಕೊಂಡು ಹೊರಗೆ ಹೋದರು.

ಅಂದರೆ ಕೈ ಇಷ್ಟು ದಿನ ಜತನ ಮಾಡಿದ್ದು ಟೈಲರನ ಕೆಲಸವನ್ನು.

ಗುಂಡಿ ಬಿಚ್ಚಿ, ಒಳಬಟ್ಟೆಯ ಹೊಲಿಗೆ ಕತ್ತರಿಸಿ ಮೆತ್ತೆಯನ್ನು ಹೊರಗೆಳೆದಳು. ಅಂಗೈಯಗಲದ್ದು, ಬೆವರಿಗೆ ಹಳದಿಯಾಗಿತ್ತು. ಕೋಟು ಒಂದಿಷ್ಟು ಸಡಿಲಾಯಿತು, ಅಷ್ಟೇ. ಹೆಗಲು ಇಳಿಯಲಿಲ್ಲ. ಕೆಳಗಿಂದ ಅವಳೇ ಕಟ್ಟಿದ ಹತ್ತಿ ಎತ್ತಿ ಹಿಡಿದಿತ್ತು.

ಕತ್ತಿನ ಬಳಿ ಸುತ್ತಿದ ಬಟ್ಟೆಯನ್ನು ಸೀಳಿ ಒಂದು ಹಿಡಿ ತೆಗೆದಳು. ಎಷ್ಟು ಇಳಿದಿತ್ತು? ಒಂದು ಬೆರಳೇ, ಎರಡೇ? ಇನ್ನೊಂದು ಹಿಡಿ ತೆಗೆದಳು. ಹೊರಗೆ ಅತ್ತೆ ಕೂತಿದ್ದರು. ಹೋಗಿ ಕೇಳಬಹುದಿತ್ತು. ಆದರೆ ಹೂಂ ಎಂದಾಗಿತ್ತು.

ಬಾಗಿಲು ತೆರೆದರು. ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಚಪ್ಪಾಳೆ, ಕಾಲಸಪ್ಪಳ, ಫಲಕನ ದನಿ: “ಇಲ್ಲಿ ನೀವು ನೋಡ್ತಿರೋದು ನಮ್ಮ ನಗರದ ಸಾಮಾನ್ಯ ಮನುಷ್ಯ...” ಮಾತು ಅಲ್ಲಿಗೇ ನಿಂತಿತು. ಜನ ನಿಲ್ಲಲಿಲ್ಲ. ಇದೂ ಪ್ರದರ್ಶನದ್ದೇ ಎಂದುಕೊಂಡು ಹತ್ತಿರ ಬಂದರು. ಒಬ್ಬಾಕೆ ಬಾಗಿ ಬೋರ್ಡು ಓದಿದಳು.

ಎಡ ಹೆಗಲು ಇಳಿಯಿತು. ಮತ್ತೂ ಇಳಿಯಿತು. ಎದೆ ಕುಸಿಯಿತು, ತೋಳು ಜೋತಿತು. ಖಾಲಿ ಕಾಲರಿನೊಳಗೆ ಮೊಣಕೈವರೆಗೆ ಹೋಗಿದ್ದ ಅವಳ ಕೈ ತಡಕುತ್ತಲೇ ಇತ್ತು. ಹಿಡಿಹಿಡಿಯಾಗಿ ಬಂದ ಬಿಳಿ ಹತ್ತಿ ನೋಡುವವರ ಚಪ್ಪಲಿಗಳಿಗೆ ಅಂಟಿಕೊಂಡು ಮುಂದಿನ ಕೋಣೆಗೆ ಹೋಗುತ್ತಿತ್ತು.