ಅಮ್ಮನಿಗೊಂದು, ಮಗಳಿಗೊಂದು

ನಿಮ್ಮ ಓಣಿಯಲ್ಲೂ ಇಂಥದ್ದೊಂದು ಮನೆ ಇರಬಹುದು. ಜಗಳವಿಲ್ಲ, ಕೂಗಾಟವಿಲ್ಲ, ಆದರೂ ಅಮ್ಮ-ಮಗಳ ನಡುವೆ ನೆಟ್ಟಗೆ ನಾಲ್ಕು ಮಾತಿಲ್ಲ. ಬ್ಯೂಟಿ ಪಾರ್ಲರಿನ ಅಮ್ಮನ ಮನೆಯಲ್ಲೂ ಹಾಗೇ ಆಗಿತ್ತು. ಕಾಲೇಜಿನ ಕೊನೇ ವರ್ಷದಲ್ಲಿದ್ದ ಮಗಳು ಪುಟ್ಟಿ, ಮನೆಗೆ ಬಂದವಳೇ ರೂಮು ಸೇರಿಬಿಡುತ್ತಿದ್ದಳು. ಅಮ್ಮ ತಾನಾಗಿ ಕೇಳಲೂ ಹೋಗುತ್ತಿರಲಿಲ್ಲ. ಮಗಳ ವಿಷಯವನ್ನೆಲ್ಲ 'ಹೀರೋ' ಬಂದು ಹೇಳುತ್ತಿದ್ದನಲ್ಲ!

ಹೀರೋ ಅಂದರೆ ಪುಟ್ಟಿಯ ಕ್ಲಾಸಿನ ಹುಡುಗ. ಇಡೀ ಕಾಲೇಜೇ ಅವನನ್ನು ಹಾಗೆ ಕರೆಯುತ್ತಿತ್ತು. ಇಬ್ಬರೂ ಪ್ರೀತಿಸುತ್ತಿರುವುದು ಅಮ್ಮನಿಗೂ ಗೊತ್ತು. "ಅಮ್ಮಾ, ನಿಂತೂ ನಿಂತೂ ಕಾಲು ನೋಯಲ್ವಾ? ಕೂತ್ಕೊಳ್ಳಿ" ಅಂತ ಸ್ಟೂಲು ಎಳೆದು ಕೊಡುವನು. ಪೊರಕೆ ಕಸಿದುಕೊಂಡು ನೆಲದ ಮೇಲಿನ ಕೂದಲು ಗುಡಿಸುವನು. ಹೆತ್ತ ಮಗಳಾದರೂ ಒಂದು ದಿನ ಕಾಲುನೋವು ವಿಚಾರಿಸಿದ್ದುಂಟೇ! ಅಮ್ಮ ಕರಗಿ ನೀರಾಗಿದ್ದಳು.

ಆ ಶನಿವಾರ ಪುಟ್ಟಿ ಪಾರ್ಲರಿನ ಕುರ್ಚಿಯಲ್ಲಿ ಕೂತಿದ್ದಳು. ಸೊಂಟ ದಾಟುವಷ್ಟು ಕೂದಲು. ಅಮ್ಮ ಹೆಗಲಿಗೆ ಬಟ್ಟೆ ಹೊದಿಸಿ, ಕತ್ತಿನ ಹತ್ತಿರಕ್ಕೆ ಕಚಕಚನೆ ಕತ್ತರಿಸಿಬಿಟ್ಟಳು. ಕನ್ನಡಿಯಲ್ಲಿ ನೋಡಿದರೆ ಪುಟ್ಟಿಯ ಕಣ್ಣಲ್ಲಿ ದಳದಳ ನೀರು.

ಅಲ್ಲೇ ಸರದಿಗೆ ಕಾಯುತ್ತಿದ್ದವರು ಕಾಲೇಜಿನ ಆಪ್ತ ಸಮಾಲೋಚಕಿ, ಮಕ್ಕಳು ಮನಸ್ಸಿನ ಕಷ್ಟ ಹೇಳಿಕೊಳ್ಳುವ ಮೇಡಂ. ಅವರಿಗೆ ಸುಮ್ಮನಿರಲಾಗಲಿಲ್ಲ.

"ಇಷ್ಟು ಅಳ್ತಿದೀಯಲ್ಲಮ್ಮ, ಮತ್ತೆ ಯಾಕೆ ಕತ್ತರಿಸಿಕೊಂಡೆ?"

"ಅಮ್ಮನಿಗೆ ಬೇಕಿತ್ತಂತೆ" ಅಂದಳು ಪುಟ್ಟಿ.

"ನನಗಾ?" ಅಮ್ಮನ ಕೈ ಅಲ್ಲೇ ನಿಂತಿತು. "ನಿನಗೇ ಆಸೆ, ನನ್ನ ಕೇಳೋಕೆ ಹೆದರ್ತಿದೀಯ ಅಂತ ಹೀರೋ ಹೇಳಿದ್ನಲ್ಲೇ!"

"ನನಗೆ ಬೇರೆ ಹೇಳಿದ. 'ಕೂದಲು ಬಿಟ್ಕೊಂಡು ಮೆರೀತಾಳೆ, ನೋಡೋಕೆ ಅಸಹ್ಯ ಅಂತ ನಿಮ್ಮಮ್ಮ ಗಿರಾಕಿಗಳ ಮುಂದೆ ಆಡ್ಕೋತಾರೆ' ಅಂದ."

ಅಮ್ಮ ಕತ್ತರಿ ಕೆಳಗಿಟ್ಟಳು. ಆದರೂ ಮನಸ್ಸು ಒಪ್ಪಬೇಕಲ್ಲ! "ಹುಡುಗಾಟಕ್ಕೆ ಅಂದಿರ್ತಾನೆ ಬಿಡಿ ಮೇಡಂ. ಅಪ್ಪಟ ಚಿನ್ನ ಆ ಹುಡುಗ."

"ಇರಬಹುದಮ್ಮ. ಅವನು ಇನ್ನೇನೇನು ಹೇಳಿದ್ದಾನೆ? ಇಬ್ಬರೂ ಇಲ್ಲೇ, ಎದುರೆದುರೇ ಹೇಳಿಬಿಡಿ ನೋಡೋಣ."

ಅಮ್ಮ ಹಿಂದೆ ಮುಂದೆ ನೋಡಿದಳು. "ಸೋಮವಾರ ಇವಳು ಕಾಲೇಜು ಬಿಡ್ತಿದಾಳೆ. ಅದನ್ನೂ ಅವನೇ ಹೇಳಿದ್ದು. ಓದೋಕಾಗ್ತಿಲ್ಲ, ಬಲವಂತ ಮಾಡಿದ್ರೆ ಜೀವಕ್ಕೇ ಏನಾದ್ರೂ ಮಾಡ್ಕೋತಾಳೆ, ಕೇಳೋಕೇ ಹೋಗ್ಬೇಡಿ ಅಂದ. ಅದಕ್ಕೇ ಬಾಯಿಗೆ ಬೀಗ ಹಾಕ್ಕೊಂಡೆ."

ಪುಟ್ಟಿ ಗಿರಕ್ಕನೆ ತಿರುಗಿದಳು. "ಓದೋಕಾಗ್ತಿಲ್ವಾ? ಅಮ್ಮಾ, ಇಡೀ ಕ್ಲಾಸಿಗೇ ಮೊದಲು ಬಂದಿದೀನಿ ನಾನು! ನಿನಗೆ ಹೇಳೋಕೆ ಓಡಿ ಬರ್ತಿದ್ದೆ, ಅವನೇ ತಡೆದ. 'ಅಮ್ಮನಿಗೆ ಸಾಕಾಗಿದೆ, ನಿನ್ನ ಓದು ಅವರಿಗೆ ಹೊರೆ, ಬಾಯಿಬಿಟ್ಟು ಹೇಳೋಕಾಗ್ದೆ ಒದ್ದಾಡ್ತಿದಾರೆ' ಅಂದ. ಕಾಲೇಜು ಬಿಡ್ತಿರೋದು ನಿನಗೋಸ್ಕರ ಕಣಮ್ಮಾ!"

ಅಯ್ಯೋ ದೇವರೇ! ಅಮ್ಮ ಹಾಗೇ ಸ್ಟೂಲಿನ ಮೇಲೆ ಕುಸಿದಳು.

"ಕ್ಲಾಸಿಗೆ ಎರಡನೆಯವರು ಯಾರು ಬಂದಿದ್ದು?" ಮೇಡಂ ಕೇಳಿದರು.

"ಅವನೇ" ಅಂದಳು ಪುಟ್ಟಿ. ಅಂದವಳು ತನ್ನ ಮಾತಿಗೆ ತಾನೇ ಬೆಚ್ಚಿದಳು. "ಆಮೇಲೆ ಒಂದು ವಾರ ನನ್ನ ಮುಖಾನೇ ನೋಡಲಿಲ್ಲ ಮೇಡಂ."

"ಇಂಥವರು ಮೊದಲು ಹೊಗಳಿ ಅಟ್ಟಕ್ಕೇರಿಸ್ತಾರೆ ಪುಟ್ಟಿ. ಆಮೇಲೆ ಗೆಳತಿಯರನ್ನ ಬಿಡಿಸ್ತಾರೆ, ಮನೆಯವರ ಮೇಲೆ ಚಾಡಿ ಹೇಳ್ತಾರೆ. ನಿನಗೆ ಅವನೊಬ್ಬನೇ ಗತಿ ಅನ್ನಿಸೋವರೆಗೂ ಬಿಡಲ್ಲ. ಹೊಡೆಯಲ್ಲ, ಬಡಿಯಲ್ಲ. ಅದಕ್ಕೇ ಯಾರಿಗೂ ಗೊತ್ತಾಗಲ್ಲ. ತಪ್ಪು ನಿನ್ನದಲ್ಲ, ತಿಳೀತಾ?"

ಅಷ್ಟರಲ್ಲಿ ಬಾಗಿಲು ತೆರೆಯಿತು. ಹೀರೋ! ಮುಖದ ತುಂಬ ನಗು. "ಆಹಾ, ಅಮ್ಮನ ಕೈ ಅಂದ್ರೆ ಅಮ್ಮನ ಕೈ!"

"ನನ್ನ ಮಗಳನ್ನ ನಾನು ಯಾವತ್ತಪ್ಪ ಅಸಹ್ಯ ಅಂದೆ?" ಅಮ್ಮ ಕೇಳಿದಳು.

ನಗು ಎಲ್ಲಿ ಹೋಯಿತೋ! ತಟ್ಟನೆ ಮೊಣಕಾಲೂರಿದ, ಗಳಗಳ ಅತ್ತ. "ನಿಮ್ಮಿಬ್ಬರ ಒಳ್ಳೇದಕ್ಕೇ ಅಮ್ಮಾ... ನನ್ನನ್ನ ಯಾರೂ ಅರ್ಥ ಮಾಡ್ಕೊಳ್ಳಲ್ಲ!" ಯಾರೂ ಅಲ್ಲಾಡಲಿಲ್ಲ. ಒಂದು ಗಳಿಗೆ ಕಾದು ನೋಡಿದ. ಎದ್ದ. ಕಣ್ಣೊರೆಸಿಕೊಂಡು, ಕನ್ನಡಿ ನೋಡಿ ಕ್ರಾಪು ಸರಿಮಾಡಿಕೊಂಡ. ಆಮೇಲೆ ತಣ್ಣಗೆ ಪುಟ್ಟಿಗೆ ಹೇಳಿದ: "ನಾನು ಬಿಟ್ರೆ ಈ ಮುಖ ಯಾರು ನೋಡ್ತಾರೆ?"

ಅಮ್ಮ ಸ್ಟೂಲಿನಿಂದ ಎದ್ದು ನಿಂತಳು. ದಿನಾ ಕಾಲುನೋವು ವಿಚಾರಿಸುತ್ತಿದ್ದ ಬಾಯಿ ಇದೇನಾ?

"ನಾನು ನೋಡ್ತೀನಿ. ನಡಿ ಆಚೆ!" ಅಂದಳು.

"ಸೋಮವಾರ ನಾನು ಕ್ಲಾಸಲ್ಲೇ ಇರ್ತೀನಿ" ಅಂದಳು ಪುಟ್ಟಿ. ದನಿ ನಡುಗುತ್ತಿತ್ತು, ಆದರೂ ಅಂದಳು.

ಅವನು ಹೋದ ಮೇಲೆ ಮೇಡಂ ಎಚ್ಚರಿಸಿದರು. "ಒಬ್ಬಳೇ ಸಿಗಬೇಡ. ಅತ್ತು ಕರೆದು ಫೋನ್ ಮಾಡ್ತಾನೆ, ಮೆಸೇಜ್ ಕಳಿಸ್ತಾನೆ. ಉತ್ತರ ಕೊಡಬೇಡ, ಅದನ್ನ ಅಳಿಸಲೂಬೇಡ, ಸಾಕ್ಷಿಗೆ ಬೇಕಾಗುತ್ತೆ. ಕಾಟ ಕೊಟ್ಟರೆ ಕಾಲೇಜಿಗೆ ದೂರು ಕೊಡೋಣ, ನಾನು ಜೊತೆಗಿರ್ತೀನಿ."

ಅಮ್ಮ ಮಗಳನ್ನು ತಬ್ಬಿಕೊಂಡಳು. "ನನ್ನ ಕೈಯಿಂದಲೇ ಮಾಡಿಸಿಬಿಟ್ಟನಲ್ಲೇ ಪುಟ್ಟಿ!" ಅಂತ ಗೋಳೋ ಎಂದು ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ನಗುನಗುತ್ತಾ ಮಾತಾಡುವವರೆಲ್ಲ ಕೆಟ್ಟವರಲ್ಲ. ಆದರೆ ನಿಮ್ಮ ಮಗಳ ಮನಸ್ಸಿನ ಮಾತನ್ನು ಬೇರೆಯವರು ತಂದು ಹೇಳುತ್ತಿದ್ದರೆ, 'ಅವಳನ್ನು ಕೇಳಬೇಡಿ' ಅನ್ನುತ್ತಿದ್ದರೆ, ಅಲ್ಲೇ ಎಚ್ಚರವಾಗಿ. ಮಕ್ಕಳೇ, ಅಮ್ಮ ಹೀಗೆ ಅಂದಳಂತೆ ಅಂತ ಯಾರಾದರೂ ಹೇಳಿದರೆ ಅಮ್ಮನನ್ನೇ ಕೇಳಿ. ಕೂದಲು ಮತ್ತೆ ಬೆಳೆಯುತ್ತದೆ. ಬಿಟ್ಟ ಓದು, ಕಳೆದುಹೋದ ವರ್ಷ ಹಾಗೆ ಮರಳಿ ಬರುವುದಿಲ್ಲ. ಇವತ್ತೇ ಪಕ್ಕದಲ್ಲಿ ಕೂತು ಕೇಳಿ.